ಆಸ್ಲೆ ಮಳೆಯ ಮೆಣಸಿನ ಸಸಿ

ಎಲ್ಲಕ್ಕೂ ಕಾರಣ ತಗಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು.

ಹೈಸ್ಕೂಲಿನ ಅಟೆಂಡರ್ ಷಣ್ಮುಖಪ್ಪ ಎರಡು ವಾರದ ಹಿಂದೆ ಎರಡು ಮೆಣಸಿನ ಸಸಿಗಳನ್ನೂ ಒಂದು ದೊಡ್ಡ ಬಾಟಲಿಯನ್ನೂ ಮನೆಗೆ ತಂದಿದ್ದ. ವಿಜ್ಞಾನದ ದುರ್ಗಾಂಬಿಕಾ ಮೇಡಂ ವಹಿಸಿದ ಕೆಲಸ. ನೀಲಿ ಚೀಟಿಯ ಕುಂಡಕ್ಕೆ ಬರೀ ನೀರು, ಕೆಂಪು ಚೀಟಿಯ ಕುಂಡಕ್ಕೆ ಬಾಟಲಿಯ ಆಸಿಡ್ ನೀರು. ಕಾರ್ಖಾನೆಯ ಹೊಗೆ ಸೇರಿ ಮಳೆ ಹುಳಿಯಾದರೆ ಎಲೆ ಹೇಗೆ ಹಳದಿಯಾಗುತ್ತದೆ, ಗಿಡ ಹೇಗೆ ಸೊರಗುತ್ತದೆ ಎಂದು ನ್ಯಾಮತಿಯ ವಿಜ್ಞಾನ ಮೇಳದಲ್ಲಿ ತೋರಿಸಬೇಕಿತ್ತು. ಶಾಲೆಯಲ್ಲಿಟ್ಟರೆ ಮಕ್ಕಳು ಎಲೆ ಕೀಳುತ್ತಾರೆಂದು ಮೇಡಂ ಅವನ ಮನೆಗೆ ಕಳಿಸಿದ್ದರು.

"ಚಾರ್ಟಿನ ಕೆಳಗೆ ನಿಮ್ಮ ಹೆಸರೂ ಬರೆಸ್ತೀನಿ ಷಣ್ಮುಖಪ್ಪ. ಮೈಕಲ್ಲಿ ಓದ್ತಾರೆ" ಎಂದಿದ್ದರು.

ಹದಿನೆಂಟು ವರ್ಷದಿಂದ ಆ ಮೈಕಿನ ವೈರು ಎಳೆದವನು ಷಣ್ಮುಖಪ್ಪ. ಅದರಲ್ಲಿ ಅವನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಆ ರಾತ್ರಿ ಅವನು ತನ್ನ ಹೆಸರನ್ನು ತಾನೇ ನಾಲ್ಕು ಸಲ ಮೆಲ್ಲಗೆ ಹೇಳಿಕೊಂಡು ನೋಡಿದ್ದ.

ಬೆಳಿಗ್ಗೆ ಬೇಗ ಶಾಲೆಯ ಬೀಗ ತೆಗೆಯಬೇಕಾದ್ದರಿಂದ ನೀರು ಹಾಕುವ ಕೆಲಸ ತಾಯಿ ಗಿಡ್ಡಮ್ಮನದಾಯಿತು. ಜೋರು ಮಳೆಯಲ್ಲಿ ಅವನು ಕೂಗಿ ಹೇಳಿದ್ದ: "ಅವ್ವಾ, ಕೆಂಪು ಚೀಟೀದಕ್ಕೆ ಆಸಿಡ್ ಮಳೆ ನೀರು!"

"ಆತು ಬಿಡಪ್ಪ!" ಎಂದು ಅವಳೂ ಕೂಗಿದ್ದಳು.

ಮೇಳದ ದಿನ ಬೆಳಿಗ್ಗೆ ಮೇಡಂ ಫೋನು ಬಂತು. "ಕೆಂಪು ಚೀಟಿ ಗಿಡ ಹಳದಿ ಆಗಿದೆ ತಾನೆ? ಹನ್ನೆರಡಕ್ಕೆ ಜಡ್ಜ್ ಬರ್ತಾರೆ."

"ಪೂರಾ ಹಳದಿ ಮೇಡಂ! ಅರಿಶಿಣ ಬಳಿದಂಗೈತೆ!" ಎಂದ ಷಣ್ಮುಖಪ್ಪ, ನೋಡದೆಯೇ. ಆಮೇಲೆ ಹಿತ್ತಲಿಗೆ ಹೋಗಿ ನೋಡಿದ.

ಕೆಂಪು ಚೀಟಿಯ ಸಸಿ ಮದುವೆಗೆ ಹೊರಟ ಗಂಡಿನಂತೆ ಮಿರಮಿರ ಮಿಂಚುತ್ತಿತ್ತು. ಬೋರ್‌ವೆಲ್ಲಿನ ಸವಳು ನೀರು ಕುಡಿದ ನೀಲಿ ಚೀಟಿಯದೇ ಎರಡು ಹಳದಿ ಎಲೆ ಇಳಿಬಿಟ್ಟುಕೊಂಡು, ಜ್ವರ ಬಿಟ್ಟು ಎದ್ದವರ ಹಾಗೆ ನಿಂತಿತ್ತು.

"ಅವ್ವಾ! ಇದಕ್ಕೆ ಏನು ಹಾಕಿದೆ?"

"ನೀನೇ ಅಂದ್ಯಲ್ಲಪ್ಪ, ಆಸ್ಲೆ ಮಳೆ ನೀರು ಹಾಕು ಅಂತ. ದಿನಾ ಸೂರಿನ ಕೆಳಗೆ ಚೊಂಬು ಇಟ್ಟು ಹಿಡಿದು ಹಾಕೀನಿ. ಆಸ್ಲೆ ಮಳೆ ಬಿದ್ರೆ ಗಿಡ ಕೇಳಬೇಕಾ!"

ಆಶ್ಲೇಷ ನಕ್ಷತ್ರದ ಮಳೆಗೆ ಊರೆಲ್ಲ ಆಸ್ಲೆ ಮಳೆ ಅನ್ನುವುದು. ಷಣ್ಮುಖಪ್ಪ ತಲೆ ಮೇಲೆ ಕೈಯಿಟ್ಟ.

"ಆಸ್ಲೆ ಅಲ್ಲವ್ವಾ, ಆಸಿಡ್! ಬಾಟ್ಲಿ ಎಲ್ಲಿ?"

"ಅದು ಹುಳಿ ನಾತ ಹೊಡೀತಿತ್ತು. ಬಿಂದಿಗೆ ತಿಕ್ಕಿದೆ. ನೋಡು ಹೆಂಗೆ ಹೊಳೀತೈತೆ!"

ಬಿಂದಿಗೆಯಲ್ಲಿ ಷಣ್ಮುಖಪ್ಪನ ಪೆಚ್ಚು ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

"ಕೆಂಪು ಚೀಟೀದು ಒಣಗಿರಬೇಕಿತ್ತು, ನೀಲಿ ಚೀಟೀದು ಚಂದ ಇರಬೇಕಿತ್ತು. ಎಲ್ಲ ಉಲ್ಟಾ ಮಾಡಿಟ್ಟೆ!" ಎನ್ನುತ್ತ ಅವನು ಸ್ನಾನಕ್ಕೆ ಓಡಿದ. ಬರುವಷ್ಟರಲ್ಲಿ ಗಿಡ್ಡಮ್ಮ ಎರಡೂ ಕುಂಡಗಳಿಗೆ ಹಳೆ ಟವೆಲ್ ಸುತ್ತಿ ಚೀಲದಲ್ಲಿ ಇಟ್ಟಿದ್ದಳು. ಎಲೆಗಳು ಮಾತ್ರ ಮೇಲೆ ಕಾಣುತ್ತಿದ್ದವು.

"ಮಗಾ, ಒಂದು ಮಾತು ಕೇಳು..."

"ನಿನ್ನ ಮಾತು ಸಾಕವ್ವಾ! ಇವತ್ತು ಬಾಯಿ ಬಿಡಬ್ಯಾಡ!" ಎಂದು ಚೀಲ ಎತ್ತಿಕೊಂಡು ಬಸ್ ಸ್ಟಾಪಿಗೆ ಓಡಿದ.

ಸ್ಟಾಪಿನ ಎದುರಿಗೇ ತಿಮ್ಮೇಶನ ಗೊಬ್ಬರದಂಗಡಿ.

"ಏನಣ್ಣ, ಗಿಡಕ್ಕೆ ಏನಾಗೈತೆ?"

"ಏನೂ ಆಗಿಲ್ಲ, ಅದೇ ತೊಂದ್ರೆ! ಬೇಗ ಒಣಗಾಕೆ ಏನಾರ ಕೊಡೋ."

ತಿಮ್ಮೇಶ ಕನ್ನಡಕ ಮೇಲೆತ್ತಿದ. "ಇಷ್ಟು ವರ್ಷದಾಗೆ ಗಿಡ ಸಾಯಿಸಾಕೆ ಬಂದ ಗಿರಾಕಿ ನೀನೊಬ್ಬನೇ ಕಣಣ್ಣ. ಕಳೆನಾಶಕ ಐತೆ. ಐದು ದಿನ ಬೇಕು."

"ಎರಡು ತಾಸೈತೆ!"

"ಹಂಗಾದ್ರೆ ಬೈದು ನೋಡು."

ಷಣ್ಮುಖಪ್ಪ ಪಕ್ಕದಂಗಡಿಯಲ್ಲಿ ಎರಡು ನಿಂಬೆಹಣ್ಣು ಕೊಂಡು ಕಟ್ಟೆಯ ಮೇಲೆ ಕೂತು ಸಸಿಯ ಬುಡಕ್ಕೆ ಹಿಂಡತೊಡಗಿದ. ಬಸ್ಸಿಗೆ ಕಾಯುತ್ತಿದ್ದ ಪಕ್ಕದ ಮನೆಯ ಓಬವ್ವ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ, ಹಗಲೊತ್ತಿನಾಗೆ ನಿಂಬೆಹಣ್ಣು ಹಿಂಡ್ತೀಯಲ್ಲೋ! ಯಾರಿಗೋ ಮಾಟ ಮಾಡಾಕೆ ಹೊಂಟಿಯಾ?"

"ವಿಜ್ಞಾನ ಕಣಬೇ ಇದು!"

"ಈಗ ಮಾಟಕ್ಕೆ ಹಂಗಂತಾರೇನು?"

ಬಸ್ಸು ಬಂತು. ಷಣ್ಮುಖಪ್ಪ ಮುಂದಕ್ಕೆ ನುಗ್ಗಿ ಹಸಿರು ಸಸಿಯನ್ನು ಸುಡುವ ಇಂಜಿನ್ ಮುಚ್ಚಳದ ಮೇಲೆ ಇಟ್ಟ. ಮೂರು ಮೈಲಿ ಹೋಗುವಷ್ಟರಲ್ಲಿ ಎಲೆಗಳು ಕಿವಿಯಂತೆ ಜೋತುಬಿದ್ದವು. ಅವನ ಎದೆ ಕುಣಿಯಿತು. ಮೈಕಿನಲ್ಲಿ ಹೆಸರು ಕೇಳಿದಂತಾಯಿತು! ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವ್ವ. ಕಟ್ ಮಾಡಿದ. ಮತ್ತೆ ಬಡಿಯಿತು. ಮತ್ತೆ ಕಟ್ ಮಾಡಿದ.

ದಾರಿಯಲ್ಲಿ ಗೋವಿನಕೋವಿ ಊರಿನ ಹತ್ತಿರ ಯಾರೋ ತಿಂಡಿಪೊಟ್ಟಣ ಬಿಚ್ಚಿದರು. ಷಣ್ಮುಖಪ್ಪ ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ಓಬವ್ವ ತನ್ನ ಬಾಟಲಿಯ ತಣ್ಣೀರನ್ನೆಲ್ಲ ಸಸಿಗೆ ಸುರಿದು ಮುಗಿಸಿದ್ದಳು.

"ಮಾಟದ್ದಾದ್ರೂ ಜೀವ ಅಲ್ಲೇನು? ಪಾಪ, ಬಾಯಿ ಒಣಗಿತ್ತು."

"ಹೌದು ಬಿಡ್ರಿ, ಎಂಥಾ ಮನುಷ್ಯ!" ಎಂದು ಇಡೀ ಬಸ್ಸು ಷಣ್ಮುಖಪ್ಪನನ್ನು ಬೈಯಿತು. ಒಬ್ಬರು ಸಸಿಯನ್ನು ಕಿಟಕಿಯ ಗಾಳಿಗೆ ಹಿಡಿದರು. ಇನ್ನೊಬ್ಬರು ಪೇಪರಿನಲ್ಲಿ ಬೀಸಿದರು. ನ್ಯಾಮತಿ ಬರುವಷ್ಟರಲ್ಲಿ ಅದು ಮಾವನ ಮನೆಯಲ್ಲಿ ಉಂಡೆದ್ದ ಅಳಿಯನಂತೆ ಸೆಟೆದು ನಿಂತಿತು.

ಹನ್ನೊಂದೂಮುಕ್ಕಾಲು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಏಲಕ್ಕಿ ಟೀ ಮರಳುತ್ತಿತ್ತು.

"ಎರಡು ಟೀ ಕೊಡ್ರಿ, ಕುದಿ ಕುದಿ ಇರ್ಲಿ."

"ಇಬ್ರು ಎಲ್ಲದೀರಿ?"

"ಒಂದು ನಂಗೆ, ಒಂದು ಇದಕ್ಕೆ" ಎಂದವನೇ ಕುದಿಯುವ ಟೀಯನ್ನು ಎಲೆಗಳ ನೆತ್ತಿಯ ಮೇಲೆ ಹುಯ್ದ. ಇನ್ನೊಂದನ್ನೂ ಕುಡಿಯದೆ ಬುಡಕ್ಕೆ ಸುರಿದ. ಸಸಿ ಒಂದು ಸಲ ನಡುಗಿ, ಕಂದು ಬಣ್ಣಕ್ಕೆ ತಿರುಗಿ, ಪಲ್ಯದ ಸೊಪ್ಪಿನಂತೆ ಮಲಗಿತು. ಹೋಟೆಲಿನವನು ಲೋಟ ಹಿಡಿದುಕೊಂಡೇ ಒಳಗೆ ಸರಿದ.

ಷಣ್ಮುಖಪ್ಪ ಓಡಿದ. ಸಭಾಂಗಣದ ಬಾಗಿಲಲ್ಲೇ ಮೇಡಂ ಚೀಲ ಕಸಿದುಕೊಂಡರು. ಒಣಗಿದ ತಲೆ ಕಂಡು ಅವರ ಮುಖ ಅರಳಿತು. "ಶಭಾಷ್ ಷಣ್ಮುಖಪ್ಪ!" ಚಾರ್ಟಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಗಿಡಗಳ ಪಾಲನೆ, ಷಣ್ಮುಖಪ್ಪ. ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಆಗಲೇ ಫೋನು ಮತ್ತೆ ಬಡಿಯಿತು. ಈಗ ಖುಷಿಯಲ್ಲಿ ಎತ್ತಿದ.

"ಏನವ್ವಾ?"

"ಏಟೊತ್ತಿಂದ ಮಾಡ್ತಾ ಇದೀನಿ! ನೀನೇನೂ ಮಾಡಾಕೆ ಹೋಗಬ್ಯಾಡ ಮಗಾ. ನೀನು ಸ್ನಾನಕ್ಕೆ ಹೋದಾಗ ಚೀಟಿ ಅದ್ಲುಬದ್ಲು ಮಾಡಿ ಅಂಟಿಸೀನಿ. ಈಗ ಚಂದ ಇರೋದಕ್ಕೆ ನೀಲಿ ಚೀಟಿ, ಹಳದಿ ಆಗಿರೋದಕ್ಕೆ ಕೆಂಪು. ನೀನು ಹೇಳಿದಂಗೇ ಐತೆ."

ಷಣ್ಮುಖಪ್ಪ ಮೇಜಿನತ್ತ ತಿರುಗುವಷ್ಟರಲ್ಲಿ ಮೇಡಂ ಟವೆಲ್ ಎಳೆದಾಗಿತ್ತು. ಟೀ ಕುಡಿದು ಸತ್ತ ಸಸಿಯ ಕುಂಡದ ಮೇಲೆ ನೀಲಿ ಚೀಟಿ: ಶುದ್ಧ ನೀರು. ಜೀವ ಹಿಡಿದುಕೊಂಡಿದ್ದ ಇನ್ನೊಂದರ ಮೇಲೆ ಕೆಂಪು ಚೀಟಿ: ಆಸಿಡ್ ಮಳೆ.

ಮೇಡಂ ಬಾಯಿ ತೆರೆದಂತೆಯೇ ನಿಂತಿತು. ಜಡ್ಜ್ ಬಂದು ಬಗ್ಗಿ ನೋಡಿದರು, ಮೂಸಿದರು. "ಶುದ್ಧ ನೀರಿಗೆ ಏಲಕ್ಕಿ ವಾಸನೆ ಯಾಕ್ರೀ ಐತೆ?" ಎಂದರು. ಅವರು ಮೈಕು ತೆಗೆದುಕೊಂಡರು. "ಆಸಿಡ್ ಹಾಕಿದ್ದು ಬದುಕೈತೆ, ನೀರು ಹಾಕಿದ್ದು ಸತ್ತೈತೆ! ಈ ಗಿಡಗಳನ್ನ ನೋಡಿಕೊಂಡ ಮಹಾನುಭಾವರು ಯಾರು ಅಂದ್ರೆ..." ಕನ್ನಡಕ ಸರಿಮಾಡಿಕೊಂಡು ಚಾರ್ಟು ಓದಿದರು. "ಷಣ್ಮುಖಪ್ಪ! ಎಲ್ಲದೀರಿ ಷಣ್ಮುಖಪ್ಪನೋರೆ, ಸ್ವಲ್ಪ ಮುಂದೆ ಬರ್ರಿ!"

ಸಭಾಂಗಣವೆಲ್ಲ ನಕ್ಕಿತು. ಷಣ್ಮುಖಪ್ಪ ಕಂಬದ ಹಿಂದೆ ಸರಿದ. ಕಿವಿಯಲ್ಲಿದ್ದ ಫೋನಿನಲ್ಲಿ ಗಿಡ್ಡಮ್ಮ ಕೇಳುತ್ತಿದ್ದಳು:

"ಮಗಾ, ಏನೋ ಗದ್ದಲ ಕೇಳ್ತೈತೆ. ನಿನ್ನ ಹೆಸರು ಓದಿದ್ರಾ?"

"ಓದಿದ್ರವ್ವಾ" ಎಂದ ಅವನು. "ಮೈಕಲ್ಲೇ ಓದಿದ್ರು."