ಹೆತ್ತ ಮಗಳಿಗೇ ಮಗಳಾದ ಒಂಟೆ

ಸೂದಾ ಎಂಬ ಹೆಣ್ಣೊಂಟೆಯು ತಾನೇ ಹೆತ್ತ ಬೈದಾ ಎಂಬ ಒಂಟೆಯ ಮಗಳಾಗಿರುತ್ತಾಳೆ ಎಂದು ತಿನ್‌ಬೈರಾ ಒಂಟೆ ವಯೋಮಾನ ಹಾಗೂ ಬಂಧುತ್ವ ನಿರ್ಣಯ ಕಚೇರಿಯು ನೀಡಿದ ತೀರ್ಪು ಸಂಪೂರ್ಣ ನಿಯಮಬದ್ಧವಾಗಿದೆ. ಈ ಬಗ್ಗೆ ತಿಳಿಯದ ಕೆಲವರು ನಗುತ್ತಿರುವುದು ಗಮನಕ್ಕೆ ಬಂದಿರುವುದರಿಂದ, ಸದರಿ ಕಚೇರಿಯಲ್ಲಿ ಅಳತೆಕೋಲು ಹಿಡಿಯುವ ಹುದ್ದೆಯಲ್ಲಿರುವ ನಾನು ನಡೆದದ್ದನ್ನು ನಡೆದ ಹಾಗೆ ತಿಳಿಸುತ್ತಿದ್ದೇನೆ.

ಮೊದಲು ಕೋಲಿನ ವಿಷಯ. ಹಿಂದೆ ನಮ್ಮ ಕಡೆ ಒಂಟೆಯ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಿದ್ದರು. ಹಲ್ಲು ಸುಳ್ಳು ಹೇಳುವುದಿಲ್ಲ, ಒಪ್ಪಿದೆ, ಆದರೆ ಕಚ್ಚುತ್ತದೆ. ಹಿಂದಿನ ನಿರ್ದೇಶಕರು ಎರಡು ಬೆರಳುಗಳನ್ನು ಸರ್ಕಾರಿ ಸೇವೆಯಲ್ಲಿ ಕಳೆದುಕೊಂಡ ಮೇಲೆ ರಾಜಧಾನಿಯಿಂದ ಕೆಂಪು ಗೀಟುಗಳಿರುವ ಉದ್ದನೆಯ ಕೋಲೊಂದು ಬಂತು. ಕೆಳಗಿನ ಗೀಟು ಮುಟ್ಟದಿದ್ದರೆ ಮರಿ, ಮೇಲಿನ ಗೀಟು ಮುಟ್ಟಿದರೆ ತಾಯಿ. ನಡುವೆ ನಿಲ್ಲುವ ಒಂಟೆಗಳನ್ನು ಏನೆಂದು ಕರೆಯಬೇಕೆಂದು ಸಮಿತಿ ಇನ್ನೂ ಯೋಚಿಸುತ್ತಿದೆ.

ಸೂದಾ ಹುಟ್ಟಿದ್ದು ಮುಳ್ಳು ತಿಂದ ವರ್ಷ. ನಮ್ಮಲ್ಲಿ ವರ್ಷಗಳನ್ನು ಪಟ್ಟ ಪಾಡಿನಿಂದಲೇ ಗುರುತಿಸುವುದು. ಆ ವರ್ಷ ಮೋಡ ಇತ್ತ ತಲೆ ಹಾಕಲಿಲ್ಲ. ತಾಯೊಂಟೆಯ ಕೆಚ್ಚಲು ಬತ್ತಿಹೋಗಿ, ಸೂದಾ ಒಣ ಜಾಲಿಕಾಯಿ ಜಗಿದು ಬದುಕಿತು. ಬದುಕಿತೇ ಹೊರತು ಬೆಳೆಯಲಿಲ್ಲ. ಆಮೇಲೆ ಎಷ್ಟು ಮೇವು ಹಾಕಿದರೂ ಅದರ ಕಾಲು ಉದ್ದವಾಗಲಿಲ್ಲ. ಜೊತೆಯಲ್ಲಿ ಹುಟ್ಟಿದವು ಹೆತ್ತು ಹಾಲು ಕೊಡುತ್ತಿದ್ದಾಗಲೂ ಇದು ಬೆದೆಗೇ ಬರಲಿಲ್ಲ. ಅದರ ಒಡೆಯ ಯರ್ಬಾ ಉಲ್ದ್ ಸಾಲೆಕ್, ಮೂರು ಹಿಂಡುಗಳ ಯಜಮಾನರು, ನಮ್ಮ ಕಚೇರಿಯ ಸಲಹಾ ಸಮಿತಿ ಅಧ್ಯಕ್ಷರೂ ಹೌದು. ಅವರು ಹಬ್ಬದ ದಿನ ನಮಾಜು ಮುಗಿಸಿ ಬಂದವರೆಲ್ಲರ ಎದುರು ಆ ಒಂಟೆಯನ್ನು ವಿಧವೆ ನೆಬ್ಗೂಹಾಗೆ ದಾನ ಮಾಡಿದರು.

"ತಗೋ ತಾಯಿ. ಇದೂ ನಿಂದೇ, ಇದರ ಹೊಟ್ಟೇಲಿ ಬರೋದೂ ನಿಂದೇ," ಎಂದರು. ಬರುವುದು ಏನೂ ಇಲ್ಲವೆಂದು ಎಲ್ಲರಿಗೂ ಗೊತ್ತಿದ್ದರಿಂದ ಎಲ್ಲರೂ ಅವರ ಕೊಡುಗೈಯನ್ನು ಹೊಗಳಿದರು.

ಮರುವರ್ಷ ಮಳೆ ಹೊಯ್ಯಿತು. ಮರಳದಿಬ್ಬಗಳ ಮೇಲೆ ಹುಲ್ಲು ಎದ್ದಿತು. ಸೂದಾ ಗಬ್ಬವಾಗಿ ಬೈದಾಳನ್ನು ಹೆತ್ತಿತು. ಅದೇ ಹೊತ್ತಿಗೆ ನೆಬ್ಗೂಹಾಳ ಮಗಳು ಹೆರಿಗೆಯಲ್ಲಿ ತೀರಿಕೊಂಡು, ತೆಕ್ಬರ್ ಎಂಬ ಹಸುಗೂಸು ಅಜ್ಜಿಯ ಮಡಿಲಿಗೆ ಬಿತ್ತು. ಸೂದಾಳ ಎರಡು ಮೊಲೆ ಮರಿಗೆ, ಎರಡು ಮೊಲೆ ಕೂಸಿಗೆ. ಹಾಲಿಗೆ ಹಾಲು, ಮೇಲೆ ಹಸಿರು ಹುಲ್ಲು. ಬೈದಾ ನೋಡನೋಡುತ್ತಿದ್ದಂತೆ ತಾಯಿಯನ್ನು ಮೀರಿಸಿ ಬೆಳೆಯಿತು. ಯರ್ಬಾ ಅವರ ಕಣ್ಣು ಅದರ ಮೇಲೆ ಬಿತ್ತು, ಮತ್ತು ಕಚೇರಿಗೆ ಅರ್ಜಿ ಬಂತು.

ವಿಚಾರಣೆ ನಮ್ಮ ಡೇರೆಯ ಮುಂದೆ ನಡೆಯಿತು. ಮೂರನೆಯ ಲೋಟ ಚಹಾ ಕುಡಿಯದೆ ತೀರ್ಪು ಕೊಡಕೂಡದೆಂಬ ನಿಯಮವಿರುವುದರಿಂದ ಮೊದಲ ಲೋಟಕ್ಕೇ ಶುರು ಮಾಡಿದೆವು.

"ನಾನು ಕೊಟ್ಟಿದ್ದು ಗಿಡ್ಡ ಒಂಟೆ," ಎಂದರು ಯರ್ಬಾ. "ಈ ಎತ್ತರದ್ದನ್ನ ಯಾವಾಗ ಕೊಟ್ಟೆ? ಇದು ಅದರ ತಾಯಿ. ಮಗಳನ್ನ ಹುಡುಕ್ಕೊಂಡು ನನ್ನ ಹಿಂಡು ಬಿಟ್ಟು ಬಂದಿದೆ, ಪಾಪ. ಕರುಳು ನೋಡಿ."

"ಏನಯ್ಯಾ ಯರ್ಬಾ, ನಾಲಿಗೆಗೆ ಎಲುಬಿಲ್ಲ ಅಂತ ಹೆಂಗಂದ್ರೆ ಹಂಗೆ ಹೊರಳಿಸ್ತೀಯಾ?" ಎಂದು ನೆಬ್ಗೂಹಾ ಎದ್ದು ನಿಂತಳು. "ನಾನೇ ಕೈ ಹಾಕಿ ಎಳೆದು ಹೊರಗೆ ತೆಗೆದ ಮರಿ ಕಣಯ್ಯಾ ಇದು! ಉಟ್ಟ ಬಟ್ಟೆಯೆಲ್ಲಾ ರಕ್ತ ಆಗಿತ್ತು!"

ನಿರ್ದೇಶಕರಾದ ಇಸೆಲ್ಮು ಅವರು ಸಮಾಧಾನದ ಮನುಷ್ಯ. "ರಕ್ತ ಒಗೆದ್ರೆ ಹೋಗತ್ತೆ ಅಮ್ಮಾ. ಕೋಲಿನ ಗೀಟು ಹೋಗಲ್ಲ."

ನಾನು ಕೋಲು ಹಿಡಿದೆ. ಬೈದಾ ಮೇಲಿನ ಗೀಟು ಮುಟ್ಟಿತು. ಸೂದಾ ಕೆಳಗಿನದನ್ನೂ ಮುಟ್ಟಲಿಲ್ಲ.

"ಹಲ್ಲು ನೋಡಿ, ಹಲ್ಲು!" ಎಂದು ನೆಬ್ಗೂಹಾ ಕೂಗಿದಳು. "ಈ ಎತ್ತರದ್ದಕ್ಕೆ ಇನ್ನೂ ಹಾಲುಹಲ್ಲು!"

"ಹಲ್ಲು ಸರ್ಕಾರದ ಮಟ್ಟದಲ್ಲಿ ರದ್ದಾಗಿದೆಯಮ್ಮಾ," ಎಂದರು ನಿರ್ದೇಶಕರು.

ಆಗಲೇ ಬೈದಾ ಉದ್ದ ಕತ್ತನ್ನು ಬಗ್ಗಿಸಿ, ಸೂದಾಳ ಹೊಟ್ಟೆಯಡಿಗೆ ತೂರಿ, ಎಲ್ಲರ ಎದುರು ಚಪ್ಪರಿಸಿ ಹಾಲು ಕುಡಿಯತೊಡಗಿತು. ಯರ್ಬಾ ಗಂಟಲು ಸರಿಮಾಡಿಕೊಂಡರು. ನಿರ್ದೇಶಕರು ಎರಡನೆಯ ಲೋಟ ಮುಗಿಸುವವರೆಗೂ ದಿಟ್ಟಿಸಿ ನೋಡಿ, ಕಣ್ಣು ಒರೆಸಿಕೊಂಡರು.

"ಮುದಿ ತಾಯಿಗೆ ಮಗಳು ಹಾಲು ಕುಡಿಸಿ ಸಾಕ್ತಾ ಇದಾಳೆ. ಇವತ್ತಿನ ಕಾಲದಲ್ಲಿ ಇಂಥ ಮಕ್ಕಳು ಎಲ್ಲಿ ಸಿಗ್ತಾರೆ, ಹೇಳಿ."

"ಅಲ್ಲಾಹ್ ಒಳ್ಳೇದು ಮಾಡ್ಲಿ," ಎಂದು ಸಮಿತಿಯವರೆಲ್ಲ ಒಟ್ಟಿಗೆ ಅಂದರು.

ಮೂರನೆಯ ಲೋಟದ ನಂತರ ತೀರ್ಪನ್ನು ಓದಲಾಯಿತು. ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಬೈದಾ ತಾಯಿಯೆಂದು ಸಾಬೀತಾಗಿದ್ದು, ತಾಯಿಯನ್ನು ದಾನ ಮಾಡಿದ್ದಕ್ಕೆ ಸಾಕ್ಷಿ ಇಲ್ಲದಿರುವುದರಿಂದ ಅದು ಯರ್ಬಾ ಅವರಿಗೆ ಸೇರತಕ್ಕದ್ದು. ಸೂದಾ ಎಂದಿನಂತೆ ನೆಬ್ಗೂಹಾಳದೇ. ಆದರೆ ಮರಿಯನ್ನು ತಾಯಿಯಿಂದ ಅಗಲಿಸುವುದು ಪ್ರಾಣಿದಯಾ ನಿಯಮದಡಿ ಅಪರಾಧವಾದ್ದರಿಂದ, ಮರಿಯಾದ ಸೂದಾ ಮೇಲಿನ ಗೀಟು ಮುಟ್ಟುವ ತನಕ ತಾಯಿಯ ಜೊತೆಯಲ್ಲೇ, ಅಂದರೆ ಯರ್ಬಾ ಅವರ ಹಟ್ಟಿಯಲ್ಲೇ ಇರತಕ್ಕದ್ದು. ಯರ್ಬಾ ಇದನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು.

ನೆಬ್ಗೂಹಾ ಜಗಳ ಬಿಟ್ಟು ಕುಸಿದು ಕೂತಳು. ಬೆನ್ನ ಮೇಲಿದ್ದ ತೆಕ್ಬರ್‌ಳನ್ನು ಮುಂದಕ್ಕೆ ತಂದು ನಿಲ್ಲಿಸಿದಳು. "ಒಂಟೆ ಯಾರದ್ದಾದ್ರೂ ಆಗ್ಲಿ ಸ್ವಾಮಿ. ಈ ಕೂಸಿಗೆ ಹಾಲು?"

ಕೂಸಿನ ಮುಖ ನೋಡಿ ನನ್ನ ಹೊಟ್ಟೆ ಚುರ್ ಅಂದಿತು. ಆದರೆ ಕೋಲು ಹಿಡಿಯುವವನ ಹೊಟ್ಟೆ ಚುರ್ ಅನ್ನುವುದಕ್ಕೆ ನಿಯಮಾವಳಿಯಲ್ಲಿ ಜಾಗವಿಲ್ಲ.

ನಮ್ಮ ಕಚೇರಿ ಕಲ್ಲುಹೃದಯದ್ದೇನೂ ಅಲ್ಲ. ಬೆಳೆಯುವ ಮಕ್ಕಳಿಗೆ ಹಾಲೊಂಟೆಯನ್ನು ಎರವಲು ಕೊಡುವ ಯೋಜನೆ ನಮ್ಮಲ್ಲಿದೆ. ಸರ್ಕಾರದ ಹಾಲು ಬೆಳೆಯದ ಮಕ್ಕಳ ಮೇಲೆ ಪೋಲಾಗಬಾರದಲ್ಲ, ಅದಕ್ಕಾಗಿ ಮಗು ಮೊದಲು ಬೆಳೆದು ತೋರಿಸಬೇಕು. ನಿರ್ದೇಶಕರು ಅಲ್ಲೇ, ತಮ್ಮ ಕೈಯಾರೆ, ಕೋಲಿನ ಬುಡದಲ್ಲಿ ತೆಕ್ಬರ್‌ಗೆಂದು ಹೊಸದೊಂದು ಗೀಟು ಎಳೆದರು. ಅದೂ ಹಸಿರು ಬಣ್ಣದಲ್ಲಿ, ಮಗುವಿಗೆ ಇಷ್ಟವಾಗಲೆಂದು.

ಈಗ ಪ್ರತಿ ಗುರುವಾರ ಅಜ್ಜಿ ಮೊಮ್ಮಗಳು ಬರುತ್ತಾರೆ. ಮನೆಯಲ್ಲಿ ನೀರಲ್ಲಿ ಕಲಸಿದ ಸಜ್ಜೆಯ ಗಂಜಿ ಮಾತ್ರ. ಮಗುವಿನ ಕೈಕಾಲು ಕಡ್ಡಿಯಾಗಿದೆ, ಮೊದಲಿನ ಓಡಾಟ ಇಲ್ಲ. ಆದರೂ ಕಚೇರಿಯಲ್ಲಿ ಅವಳೆಂದರೆ ಎಲ್ಲರಿಗೂ ಅಕ್ಕರೆ. ಕೋಲಿಗೆ ಒರಗಿಸಿದ ಕೂಡಲೇ ಸುತ್ತ ನೆರೆದು ಹುರಿದುಂಬಿಸುತ್ತೇವೆ. "ನೆಟ್ಟಗೆ ನಿಂತ್ಕೋ ಪುಟ್ಟೀ," ಎನ್ನುತ್ತಾರೆ ನಿರ್ದೇಶಕರು. "ತಲೆ ಮೇಲೆತ್ತು, ಬಂಗಾರಾ," ಎನ್ನುತ್ತಾರೆ ಯರ್ಬಾ. ಅವರು ಒಂದು ಗುರುವಾರವೂ ತಪ್ಪಿಸುವುದಿಲ್ಲ.

ಮೊನ್ನೆ ಹೊಸದಾಗಿ ಸೇರಿದ ಗುಮಾಸ್ತನೊಬ್ಬ ತಡೆಯಲಾರದೆ, "ಅಜ್ಜೀ, ಈ ಕೋಲೇ ಸರಿ ಇಲ್ಲ ಅನ್ಸಲ್ವಾ ನಿಮಗೆ?" ಎಂದುಬಿಟ್ಟ.

ನೆಬ್ಗೂಹಾ ಅವನನ್ನು ಗದರಿದಳು. "ಸುಮ್ನಿರಪ್ಪಾ, ಅಧಿಕಾರಿಗಳಿಗೆ ಕೇಳಿಸೀತು. ಕೋಲಿಂದೇನೂ ತಪ್ಪಿಲ್ಲ. ಹಾಳಾದ್ದು, ಈ ಕೂಸೇ ಬೆಳೀತಿಲ್ಲ."

ಆಮೇಲೆ ಮಗುವನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ, ಇನ್ನೊಂದು ಸಲ ಅಳೆಯಲು ನನಗೆ ಹೇಳಿದಳು. ನಾನು ಅಳೆದೆ.