ಎಷ್ಟರಲ್ಲಿ ಎಷ್ಟು?

ಆಗ ನನಗೆ ಐವತ್ತೊಂದು. ಇಪ್ಪತ್ತೆರಡು ವರ್ಷ ಹಿಂದಿನ ಮಾತು. ಅಲ್ಲಿಯವರೆಗೆ ನನ್ನ ಮೈದುನನ ತಲೆ ಸರಿ ಇಲ್ಲವೆಂದೇ ನಾನು ತಿಳಿದಿದ್ದೆ. ಪೂರ್ತಿ ಸರಿ ಉಂಟೆಂದು ಈಗಲೂ ಹೇಳಲಾರೆ!

ಅವನಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ: "ಎಷ್ಟರಲ್ಲಿ ಎಷ್ಟು?" ತೆಂಗಿನಕಾಯಿ ಎರಡು ಹಾಳಾಗಿದೆ ಎಂದರೆ, ಎಷ್ಟರಲ್ಲಿ? ಬಸ್ಸು ನಾಲ್ಕು ಸಲ ತಪ್ಪಿತು ಎಂದರೆ, ಎಷ್ಟು ಸಲದಲ್ಲಿ? ಬರೀ ಎರಡು, ಬರೀ ನಾಲ್ಕು ಎಂದರೆ ಅವನ ಕಿವಿಗೆ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ಗಂಡ ಬಟ್ಟಲು ದೂಡಿ ಕೂಗಿದರು: "ಅನ್ನದಲ್ಲಿ ಕಲ್ಲು!"

ಮೈದುನ ತಲೆ ಎತ್ತದೆ ಕೇಳಿದ: "ಅಣ್ಣ, ಎಷ್ಟು ತುತ್ತಿನಲ್ಲಿ?"

"ಎರಡರಲ್ಲಿ ಒಂದು!"

"ಇನ್ನು ಹತ್ತು ತುತ್ತು ಉಣ್ಣಿ. ಲೆಕ್ಕ ಸಣ್ಣದಾಗ್ತದೆ."

ನನ್ನ ಪಕ್ಷ ವಹಿಸಿದ್ದೋ, ಅಲ್ಲವೋ, ಇಂದಿಗೂ ತಿಳಿಯದು. ಇವರು ಉಂಡದ್ದಂತೂ ಹೌದು.

ಅವನ ಮದುವೆಯದ್ದೂ ಇದೇ ಕಥೆ. ಮೂಡುಬಿದಿರೆಯ ಕಡೆಯ ಹೆಣ್ಣು. "ಆ ಮನೆಯಲ್ಲಿ ಇಬ್ಬರಿಗೆ ಮರುಳು" ಎಂದು ಊರವರು ಕಿವಿಯಲ್ಲಿ ಊದಿದರು. ಇವನು ಹೋಗಿ ಆ ಮನೆಯ ತಲೆ ಎಣಿಸಿ ಬಂದ. "ಇಪ್ಪತ್ತೆರಡರಲ್ಲಿ ಇಬ್ಬರು. ಅಡ್ಡಿಯಿಲ್ಲ" ಎಂದ. ಮದುವೆಯಾಗಿ ತಿಂಗಳಾಗಲಿಲ್ಲ, ಅವಳು ನನ್ನ ಹತ್ತಿರ ಹೇಳಿದಳು: "ಅಕ್ಕ, ಲೆಕ್ಕದಲ್ಲಿ ನಾನೇ ಸೋತೆ. ಇಲ್ಲಿ ಐವರಲ್ಲಿ ಒಬ್ಬರು!"

ಇಂಥವನನ್ನು ಒಂದು ಬೀಡಿ ಕಂಪೆನಿಯವರು ಬೆಳ್ತಂಗಡಿ ಗ್ರೂಪಿನ ಮೇಲ್ವಿಚಾರಕನಾಗಿ ಮಾಡಿದ್ದರು. ನಾವು ಹೆಂಗಸರು ಮನೆಯಲ್ಲಿ ಮೊರದಂಥ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟಿ ಬ್ರಾಂಚಿಗೆ ಕೊಡುವುದು. ಅಲ್ಲಿ ಚೆಕ್ಕರ್ ಒಂದೊಂದು ಕಟ್ಟನ್ನೂ ಒತ್ತಿ ನೋಡಿ, ಸಡಿಲಾದದ್ದನ್ನು, ಬಾಯಿ ಒಡೆದದ್ದನ್ನು ರಿಜೆಕ್ಟ್ ಎಂದು ಆಚೆ ಎಸೆಯುವುದು. ನನಗೆ ರಿಜೆಕ್ಟಿನ ಹೆದರಿಕೆ ಇರಲಿಲ್ಲ. ಮದುವೆಯಾಗಿ ಬಂದು ಮೊದಲ ದಿನ ಕಟ್ಟಿದ ಐವತ್ತರಲ್ಲಿ ಒಂದೂ ಹೋಗಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ನಮ್ಮ ಗ್ರೂಪಿನಲ್ಲಿ ಎರಡು ಬ್ರಾಂಚು. ಬೆಳ್ತಂಗಡಿಯದ್ದು ದೊಡ್ಡದು, ನಾವು ಇಪ್ಪತ್ತು ಮಂದಿ. ಮುಂಡಾಜೆಯದ್ದು ಮೈದುನ ಹೊಸತಾಗಿ ತೆರೆದದ್ದು, ಮೂವರೇ. ಮೂವರೂ ಕಲಿಯುವವರು. ಅವರಲ್ಲಿ ಆಯಿಶಮ್ಮ ಎಂಬವಳ ಗಂಡ ಗಲ್ಫಿನಿಂದ ಸೊಂಟ ಮುರಿದುಕೊಂಡು ಬಂದು ಮಲಗಿದ್ದ. ಅವಳು ಕಟ್ಟಿದ ಬೀಡಿಯೂ ಹಾಗೆಯೇ, ನಡುವಿನಲ್ಲಿ ಬಾಗಿ ಮಲಗುತ್ತಿತ್ತು.

ಆ ವರ್ಷ ಬಂಟ್ವಾಳದ ದೊಡ್ಡ ಆಫೀಸಿಗೆ ಕಂಪ್ಯೂಟರ್ ಬಂತು. ದಿನಾ ಒಂದು ಪಟ್ಟಿ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಮೂರು ಗ್ರೂಪು, ಒಂದೊಂದರ ಕೆಳಗೆ ಅದರ ಬ್ರಾಂಚುಗಳು, ಕೊನೆಗೆ ದಪ್ಪ ಅಕ್ಷರದಲ್ಲಿ ಗ್ರೂಪಿನ ಒಟ್ಟು. ಒಟ್ಟು ರಿಜೆಕ್ಟ್ ನೂರಕ್ಕೆ ಹತ್ತು ದಾಟಿದರೆ ಆ ಗ್ರೂಪಿಗೆ ಎಲೆ, ಹೊಗೆಸೊಪ್ಪು ಬಂದ್!

ನಮ್ಮದು ಹದಿನೇಳು ಎಂದು ಬಂತು.

ಮೈದುನ ಪಟ್ಟಿ ಹಿಡಿದು ಜಗಲಿಯಲ್ಲಿ ಕೂತ. "ಅತ್ತಿಗೆ, ಬೆಳ್ತಂಗಡಿಯಲ್ಲಿ ಹತ್ತು ಸಾವಿರದಲ್ಲಿ ನಾನೂರು ಹೋಗಿದೆ. ನೂರಕ್ಕೆ ನಾಲ್ಕು. ಮುಂಡಾಜೆಯಲ್ಲಿ ನಾನೂರರಲ್ಲಿ ನೂರಿಪ್ಪತ್ತು. ನೂರಕ್ಕೆ ಮೂವತ್ತು. ಕಂಪ್ಯೂಟರ್ ನಾಲ್ಕನ್ನೂ ಮೂವತ್ತನ್ನೂ ಕೂಡಿಸಿ ಅರ್ಧ ಮಾಡಿದೆ!"

"ಮತ್ತೆಂತ ಮಾಡಬೇಕಿತ್ತು?"

"ಎಲ್ಲ ಬೀಡಿ ಒಂದು ಗುಡ್ಡೆ. ಎಲ್ಲ ರಿಜೆಕ್ಟ್ ಒಂದು ಗುಡ್ಡೆ. ಹತ್ತು ಸಾವಿರದ ನಾನೂರರಲ್ಲಿ ಐನೂರಿಪ್ಪತ್ತು. ನೂರಕ್ಕೆ ಐದು."

ನನಗೆ ಅಷ್ಟೆಲ್ಲ ಬೇಡವಾಗಿತ್ತು. "ಆ ಮೂವರನ್ನು ಬಿಟ್ಟುಬಿಡು ಮಾರಾಯ. ನಾವು ಇಪ್ಪತ್ತು ಮಂದಿ ಬದುಕುವ" ಎಂದೆ.

ಅವನು ಎಷ್ಟರಲ್ಲಿ ಎಷ್ಟು ಎಂದು ಕೇಳಲಿಲ್ಲ. ನನ್ನ ಮುಖ ನೋಡಿ ಎದ್ದುಹೋದ.

ದೊಡ್ಡವರ ಎದುರು ಅವನಿಗೆ ಬಾಯಿ ಬಾರದು. ಹಾಗಾಗಿ ಮರುದಿನ ಬೀಡಿ ಒಯ್ಯುವ ಜೀಪಿನಲ್ಲಿ ನನ್ನನ್ನೂ ಹತ್ತಿಸಿದ. ಬಂಟ್ವಾಳದಲ್ಲಿ ಮ್ಯಾನೇಜರರ ಮೇಜಿನ ಮೇಲೆ ನಾನು ಎರಡೂ ಬ್ರಾಂಚಿನ ಚೀಲ ಸುರಿದೆ. ಬೆಳ್ತಂಗಡಿಯದ್ದು ಸುರಿದಾಗ ಮ್ಯಾನೇಜರರ ಮುಖ ಕಾಣದಾಯಿತು! ಮುಂಡಾಜೆಯದ್ದು ಒಂದು ಮೂಲೆಗೂ ಸಾಲಲಿಲ್ಲ.

"ಇವೆರಡೂ ಸಮ ಎಂದು ಹೇಳಿದ್ದು ಯಾರು?" ಎಂದು ಕೇಳಿದೆ.

ಗುಡ್ಡೆಯ ಹಿಂದಿನಿಂದ ಉತ್ತರ ಬಂತು: "ಕಂಪ್ಯೂಟರಮ್ಮ."

"ಕರೆಯಿರಿ ಅವಳನ್ನು."

ಬಂದದ್ದು ಕಂಪ್ಯೂಟರ್ ಒತ್ತುವ ಹುಡುಗಿ. ಮೇಜು ನೋಡಿದಳು, ಪಟ್ಟಿ ನೋಡಿದಳು, ನಾಲಿಗೆ ಕಚ್ಚಿಕೊಂಡಳು. "ಸರ್, ಒಟ್ಟಿನ ಸಾಲಿಗೆ ನಾನು ಪರ್ಸೆಂಟಿನ ಸರಾಸರಿ ಹಾಕಿಬಿಟ್ಟಿದ್ದೇನೆ. ರಿಜೆಕ್ಟಿನ ಒಟ್ಟನ್ನು ಬೀಡಿಯ ಒಟ್ಟಿನಿಂದ ಭಾಗಿಸಬೇಕಿತ್ತು."

"ಬಂಟ್ವಾಳದ ಗ್ರೂಪಿಗೆ ಸರಿ ಬರ್ತದಲ್ಲ?" ಎಂದರು ಮ್ಯಾನೇಜರರು.

"ಅಲ್ಲಿ ವಿಟ್ಲ, ಫರಂಗಿಪೇಟೆ ಎರಡೂ ಒಂದೇ ಅಳತೆಯ ಬ್ರಾಂಚು ಸರ್. ಹಾಗಾಗಿ ತಪ್ಪು ಕಾಣಲಿಲ್ಲ."

ಸಮಾನರ ನಡುವೆ ತಪ್ಪು ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ. ಒಬ್ಬರು ದೊಡ್ಡವರು, ಒಬ್ಬರು ಸಣ್ಣವರು ಇದ್ದಲ್ಲಿಯೇ ಅದರ ಬಣ್ಣ ಗೊತ್ತಾಗುವುದು. ಇದನ್ನು ತಿಳಿಯಲು ನನಗೆ ಐವತ್ತೊಂದು ವರ್ಷ ಬೇಕಾಯಿತು.

ಹುಡುಗಿ ಸರಿ ಮಾಡಿ ಹೊಸ ಪಟ್ಟಿ ತಂದಳು. ಐದು. ಮ್ಯಾನೇಜರರು ಕನ್ನಡಕ ತೆಗೆದು, "ಆದರೂ ಮುಂಡಾಜೆಗೆ ಮೂವತ್ತು ಉಂಟಲ್ಲ. ಅದೊಂದನ್ನು ಮುಚ್ಚುವ" ಎಂದರು.

ನಿನ್ನೆ ನಾನು ಹೇಳಿದ್ದೂ ಅದನ್ನೇ ಅಲ್ಲವೇ?

ಆಗ ನನ್ನ ಮೈದುನ, ಬಾಯಿ ಬಾರದವನು, ಬೆವರು ಒರೆಸಿಕೊಂಡು ಎದ್ದು ನಿಂತ. "ನಿಯಮ ಗ್ರೂಪಿಗೆ ಸರ್. ಗ್ರೂಪಿಗೆ ಐದು." ಅಷ್ಟೇ ಹೇಳಿ ಕೂತ. ಮುಂಡಾಜೆ ಉಳಿಯಿತು.

ಸಂಜೆ ಬಸ್ಸಿನಲ್ಲಿ ಬರುವಾಗ ಕೇಳಿದೆ: "ಆ ಮೂವರಿಗಾಗಿ ನಿನಗೆ ಯಾಕೆ ಇಷ್ಟು?"

ಅವನು ಕಿಟಕಿಯ ಆಚೆ ನೋಡುತ್ತ ಹೇಳಿದ: "ಅತ್ತಿಗೆ, ನೀವು ಮೊದಲ ದಿನ ಕಟ್ಟಿದ್ದು ಐವತ್ತು. ಐವತ್ತೂ ಹಾಳು. ಅಮ್ಮ ನಿಮ್ಮನ್ನು ತವರಿಗೆ ಅಟ್ಟುತ್ತಿದ್ದರು. ನಾನು ವಾರವಿಡೀ ಶಾಲೆಯಿಂದ ಬಂದು ಕಟ್ಟಿದ್ದು ಐನೂರು ಇತ್ತು. ಅದರಿಂದ ಐವತ್ತು ತೆಗೆದು ನಿಮ್ಮ ತಡ್ಪೆಗೆ ಹಾಕಿದೆ, ನಿಮ್ಮದನ್ನು ನನ್ನದಕ್ಕೆ. ಐನೂರರಲ್ಲಿ ಐವತ್ತು ಹೋದರೆ ಎರಡು ಬೈಗುಳ. ಐವತ್ತರಲ್ಲಿ ಐವತ್ತು ಹೋಗಿದ್ದರೆ?"

ಅವನಿಗೆ ಆಗ ಹದಿನಾಲ್ಕು. ನಾನು ಮೂವತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಅವನ ಬೀಡಿಯ ಜಂಬ! ಒಂದು ದಿನವೂ ಬಾಯಿ ಬಿಡಲಿಲ್ಲ, ಮಾರಾಯ.

ಮರುದಿನ ಬೆಳಿಗ್ಗೆ ತಡ್ಪೆ, ಕತ್ತರಿ ಚೀಲಕ್ಕೆ ಹಾಕಿ ಮುಂಡಾಜೆಯ ಮೊದಲ ಬಸ್ಸು ಹತ್ತಿದೆ. ಆಯಿಶಮ್ಮನ ಪಕ್ಕ ಚಾಪೆ ಎಳೆದು ಕೂತು, ಅವಳ ಬಾಗಿದ ಬೀಡಿಯೊಂದನ್ನು ಬಿಚ್ಚಿ, ಎಲೆ ಕತ್ತರಿಸುವುದನ್ನು ಮೊದಲಿನಿಂದ ತೋರಿಸಿದೆ.