ಸೋದರಮಾವನ ಚೋಕು

ಅಮೃತಪ್ಪನ ಸ್ಕೂಟರಿಗೆ ಚಳಿ ಆಗಿಬರುತ್ತಿರಲಿಲ್ಲ. ಸೇಡಮ್ಮಿನ ದಾಲ್‌ಮಿಲ್ಲಿನಲ್ಲಿ ತೂಕ ಮಾಡುವ ಅವನು ಎಷ್ಟೇ ಬೇಗ ಎದ್ದರೂ, ಅದು ಮಾತ್ರ ಬೆನ್ನಿಗೆ ಬಿಸಿಲು ಬೀಳುವ ತನಕ ಏಳುತ್ತಿರಲಿಲ್ಲ. ಕಾರಣ ಸಣ್ಣದು. ತಣ್ಣಗಿನ ಎಂಜಿನ್ನಿಗೆ ಒಂದಿಷ್ಟು ಹೆಚ್ಚು ಪೆಟ್ರೋಲು ಕುಡಿಸಿ ಎಬ್ಬಿಸಬೇಕಾದ ಕರೆಂಟ್ ಚೋಕು ಕಾರ್ಬುರೇಟರಿನಲ್ಲಿ ಸತ್ತು ಕೂತಿತ್ತು.

ಬೇರೆ ದಿನವಾಗಿದ್ದರೆ ಸಹಿಸಬಹುದಿತ್ತು. ಇವತ್ತು ಚಿಂಚೋಳಿಯಲ್ಲಿ ತಂಗಿ ದಾನಮ್ಮನ ಕಿರಿಮಗನ ಜವಳ. ಮೊದಲ ಕೂದಲು ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆಯೇ ಕೂರಬೇಕು, ಅದೂ ಹೊತ್ತು ನೆತ್ತಿಗೆ ಬರುವುದರೊಳಗೆ. ಹಿರಿಮಗನ ಜವಳದ ದಿನ ಇದೇ ಸ್ಕೂಟರು ದಾರಿಯಲ್ಲಿ ಕೈಕೊಟ್ಟು, ಯಾರೋ ದೂರದ ಮಾವನ ತೊಡೆ ಹುಡುಕಬೇಕಾಗಿ ಬಂದಿತ್ತು. ಮರುವರ್ಷದ ಯುಗಾದಿಯವರೆಗೂ ದಾನಮ್ಮ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. 

“ಬಸ್ಸಿಗಿ ಹೋಗೋ ತಮ್ಮಾ,” ಎಂದ ಪಕ್ಕದ ಮನೆಯ ವಿಠೋಬಾ. ಬಸ್‌ಸ್ಟ್ಯಾಂಡಿನಲ್ಲಿ ಪಾನ್ ಅಂಗಡಿ ಇಟ್ಟಿದ್ದ ಅವನಿಗೆ ಬಸ್ಸೆಂದರೆ ಮನೆದೇವರು.

“ಬಸ್ಸಿನ ಮ್ಯಾಲ ನನಗ ನಂಬಿಕಿಲ್ಲ!” ಅಮೃತಪ್ಪ ಓಣಿಗೆಲ್ಲ ಕೇಳುವಂತೆ ಹೇಳಿದ. “ಯಾವಾಗ ಬರ್ತದೋ, ಎಲ್ಲಿ ನಿಲ್ತದೋ. ಇವತ್ತ ನನ್ನ ಗಾಡೀನೇ ಹೋಗಬೇಕು, ನಾನೇ ಮೊದಲ ಮುಟ್ಟಬೇಕು.”

ಸ್ಕೂಟರನ್ನು ದೂಡಿಕೊಂಡು ಮೇಸ್ತ್ರಿ ಅಬ್ರಾರನ ಅಂಗಡಿಗೆ ಹೋದ. ಅಬ್ರಾರ ಕಾರ್ಬುರೇಟರ್ ಬಿಚ್ಚಿ, ಸತ್ತ ಚೋಕನ್ನು ಹಲ್ಲು ಕಿತ್ತಂತೆ ಕಿತ್ತು ತೋರಿಸಿದ.

“ಇದು ಹೊಸಾದು ಸಿಗಂಗಿಲ್ಲ ಕಾಕಾ. ಕೈ ಚೋಕ್ ಹಾಕಿಬಿಡ್ತೀನಿ. ಈ ಗುಂಡಿ ಹೊರಗ ಜಗ್ಗಿದ್ರಿ ಅಂದ್ರ ಎಂಜಿನ್ ಪೆಟ್ರೋಲ್ ಕುಡೀತದ. ಗರಂ ಆತು, ಒಳಗ ದೂಡ್ರಿ. ಮರತ್ರಿ ಅಂದ್ರ ಕುಡದು ಕುಡದು ಹಾದ್ಯಾಗ ಬೀಳ್ತದ, ನೋಡ್ರಿ ಮತ್ತ!”

ಹ್ಯಾಂಡಲ್ಲಿನ ಕೆಳಗೆ ಚೀಲ ತೂಗುಹಾಕುವ ಕೊಕ್ಕೆ ಎಂದೋ ಮುರಿದುಬಿದ್ದು ತೂತು ಮಾತ್ರ ಉಳಿದಿತ್ತು. ಹೊಸ ತೂತು ಯಾಕೆ ಕೊರೆಯಬೇಕೆಂದು ಅಬ್ರಾರ ಅದರಲ್ಲೇ ಚೋಕಿನ ತಂತಿ ತೂರಿಸಿ, ತುದಿಗೊಂದು ಕರಿ ಗುಂಡಿ ಕೂರಿಸಿದ. ಅಮೃತಪ್ಪ ಗುಂಡಿ ಜಗ್ಗಿ ಒಂದೇ ಒಂದು ಕಿಕ್ ಹೊಡೆದ. ಸ್ಕೂಟರು ಗುಡುಗಿತು! ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಮನೆಗೆ ಬಂದು ಚೀಲ ಎತ್ತಿಕೊಂಡ. ಸೇಡಮ್ಮಿನ ಬಟ್ಟೆ ಅಂಗಡಿಯ ಹೆಸರಿದ್ದ ಕೆಂಪು ಚೀಲ. ಒಳಗೆ ಕೂಸಿಗೆ ಮಾವನೇ ತರಬೇಕಾದ ಹೊಸ ಅಂಗಿ, ಬೆಳ್ಳಿಯ ಉಡದಾರ, ಮೇಲೆ ಮಿಲ್ಲಿನ ಮಾಲಕರು ಕೊಟ್ಟ ತೊಗರಿಬೇಳೆಯ ಗಂಟು. ಎಂಜಿನ್ ಬಿಸಿಯಾಗಿತ್ತು. ಹೇಳಿದಂತೆ ಗುಂಡಿಯನ್ನು ಒಳಗೆ ದೂಡಿದ. ಮರುಕ್ಷಣ ಹಳೆಯ ರೂಢಿಯ ಮೇಲೆ ಚೀಲವನ್ನು ಕೊಕ್ಕೆಯಿದ್ದ ಜಾಗಕ್ಕೆ, ಎಂದರೆ ಅದೇ ಗುಂಡಿಗೆ, ತೂಗುಹಾಕಿ ಹೊರಟ.

ಊರು ದಾಟಿದ್ದೇ ತಡ, ರಸ್ತೆಯ ತಗ್ಗುದಿನ್ನೆಗೆ ಬೇಳೆಯ ಭಾರ ಗುಂಡಿಯನ್ನು ಪೂರ್ತಿ ಜಗ್ಗಿಬಿಟ್ಟಿತು. ಹಿಂದೆ ಕರಿ ಹೊಗೆ ಎದ್ದಿತು. ತೊಗರಿ ಹೊಲದಲ್ಲಿದ್ದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂಗಿದಳು: “ಯಣ್ಣಾ, ಸೊಳ್ಳಿ ಹೊಡೀಲಿಕತ್ತೀರೇನು? ನಮ್ಮ ಓಣಿಗೂ ಬರ್ರಿ!”

ಸ್ಕೂಟರು ಕೆಮ್ಮಿತು, ಸೀನಿತು, ನಡುದಾರಿಯ ಸುಲೇಪೇಟದಲ್ಲಿ ಫೈಜಾನನ ಚಹಾದ ಹೋಟೆಲಿನ ಮುಂದೆ ಸುಮ್ಮನಾಯಿತು. ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ಒಬ್ಬ ಪ್ಲಗ್ ಹೋಗಿದೆ ಎಂದ. ಇನ್ನೊಬ್ಬ ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದ. ಮೂರನೆಯವ ನಿಂಬೆಹಣ್ಣು ತರಲು ಓಡಿದ. ಅಮೃತಪ್ಪನ ಕಣ್ಣೆಲ್ಲ ಸೂರ್ಯನ ಮೇಲೆ. ದಾನಮ್ಮನ ಊದಿದ ಮುಖ ಆಗಲೇ ಎದುರಿಗೆ ಬಂದಿತ್ತು.

“ನಾನು ಸೇಡಮ್ಮಿನ ದಾಲ್‌ಮಿಲ್ ಅಮೃತಪ್ಪ. ಸೋದರಮಾವ ಇದ್ದೀನ್ರೆಪಾ, ಏನರೆ ಮಾಡ್ರಿ!” ಎಂದು ಅಂಗಲಾಚಿದ.

ಒಳಗೆ ಬಗ್ಗಿ ನೋಡಲು ಅಡ್ಡವಾಗಿದ್ದ ಚೀಲವನ್ನು ಫೈಜಾನ್ ಎತ್ತಿದ. ಕರಿ ಗುಂಡಿ ಪೂರ್ತಿ ಹೊರಗೆ ಬಂದಿತ್ತು, ಅದನ್ನು ಟಕ್ಕನೆ ಒಳಗೆ ದೂಡಿದ.

“ಅಯ್ಯ ಕಾಕಾ! ಚೋಕಿಗಿ ಚೀಲ ಹಾಕ್ತಾರೇನ್ರಿ ಯಾರರೆ?”

ಗುಂಪೆಲ್ಲ ಗೊಳ್ಳೆಂದಿತು. ಫೈಜಾನ್ ಚೀಲವನ್ನು ಹೋಟೆಲಿನ ಫರ್ಸಿಕಲ್ಲಿನ ಕಟ್ಟೆಯ ಮೇಲಿಟ್ಟ. ಅಮೃತಪ್ಪ ಕಿಕ್ ಮೇಲೆ ಕಿಕ್ ಹೊಡೆದ, ಉಳಿದವರು ಹಿಂದಿನಿಂದ ದೂಡಿದರು. ಕುಡಿದದ್ದನ್ನೆಲ್ಲ ಕಾರಿಕೊಂಡ ಎಂಜಿನ್ ಒಮ್ಮೆಲೇ ಸ್ವಚ್ಛವಾಗಿ ಹಾಡತೊಡಗಿತು. ಆ ದನಿ ಕೇಳಿ ಅಮೃತಪ್ಪನಿಗೆ ಬೇರೇನೂ ಬೇಡವಾಯಿತು. ನಿಲ್ಲಿಸಿದರೆ ಮತ್ತೆ ಸತ್ತೀತೆಂದು ಹಾಗೇ ಓಡಿಸಿಕೊಂಡು ಹೊರಟುಬಿಟ್ಟ. ಹಿಂದೆ ಫೈಜಾನ್ ಎರಡೂ ಕೈ ಎತ್ತಿ ಕೂಗುತ್ತಿದ್ದ. ಎಂಥಾ ಒಳ್ಳೆಯ ಮಂದಿ ಎಂದು ಅಮೃತಪ್ಪನೂ ಕೈಬೀಸಿದ.

ಚಿಂಚೋಳಿ ಮುಟ್ಟಿದಾಗ ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಕ್ಷೌರದವ ಕತ್ತಿ ಮಸೆಯುತ್ತಿದ್ದ. ದಾನಮ್ಮ ಓಡಿಬಂದಳು.

“ಅಣ್ಣಾ! ಖರೇನೇ ಬಂದ್ಯಾ? ಬಾ, ಕುಂದ್ರು!”

ಅವಳ ಕಣ್ಣಲ್ಲಿ ನೀರಾಡಿತು. ಅಮೃತಪ್ಪ ಮಣೆಯ ಮೇಲೆ ಕೂತ. ಕೂಸು ತೊಡೆಯ ಮೇಲೆ ಬಂತು.

“ಮಾವ ತಂದ ಅಂಗಿ, ಉಡದಾರ ಮುಂದ ಇಡ್ರಿ,” ಎಂದರು ದಾನಮ್ಮನ ಅತ್ತೆ ಮಹಾದೇವಮ್ಮ. “ಅವು ಇಲ್ಲದ ಕತ್ತಿ ಮುಟ್ಟಸಂಗಿಲ್ಲ, ನಮ್ಮ ಮನಿ ಪದ್ಧತಿ.”

ಅಮೃತಪ್ಪ ಪಕ್ಕದಲ್ಲಿ ಚೀಲ ತಡಕಾಡಿದ; ಅದು ಫೈಜಾನನ ಕಟ್ಟೆಯ ಮೇಲೆಯೇ ಉಳಿದಿತ್ತು. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ವಿಠೋಬಾ.

“ತಮ್ಮಾ, ಚಿಂತಿ ಬಿಡು! ಸುಲೇಪೇಟದ ಫೈಜಾನ್ ನಿನ್ನ ಹೆಸರು ಹೇಳಿ, ಚೀಲ ಸೇಡಮ್ ಬಸ್ಸಿಗಿ ಹಾಕಿದ್ದ. ಕಂಡಕ್ಟರ್ ಈಗಷ್ಟೇ ನನ್ನ ಅಂಗಡಿಗಿ ತಂದು ಕೊಟ್ಟ.”

“ಜಲ್ದಿ ಚಿಂಚೋಳಿ ಬಸ್ಸಿಗಿ ಹಾಕೋ ಅಣ್ಣಾ!”

“ಹಾಕೇ ಬಿಡ್ತಿದ್ದೆ. ಅಷ್ಟರಾಗ ನಿನ್ನ ಮಾತು ನೆನಪಾತು, ಬಸ್ಸಿನ ಮ್ಯಾಲ ನಿನಗ ನಂಬಿಕಿಲ್ಲ. ಬೆಳ್ಳಿ ಸಾಮಾನ ಬ್ಯಾರೆ. ಬಸ್ಸು ಹೋಗಲಿ ಅಂತ ಬಿಟ್ಟು, ಮನಿಯೊಳಗ ಭದ್ರ ಕೀಲಿ ಹಾಕಿಟ್ಟೀನಿ. ನೀನೇ ಗಾಡಿ ಮ್ಯಾಲ ಬಂದು ಒಯ್ಯಿ!”

ಕೂಸನ್ನು ದಾನಮ್ಮನ ಕೈಗಿತ್ತು ಅಮೃತಪ್ಪ ಅಂಗಳಕ್ಕೆ ಓಡಿದ. ಅವಳ ಮುಖ ಆಗಲೇ ಊದತೊಡಗಿತ್ತು.

ಅಂಗಳದಲ್ಲಿ ದಾನಮ್ಮನ ಗಂಡ ರಮೇಶಕುಮಾರ ಸ್ಕೂಟರಿನ ಪಕ್ಕ ನಗುತ್ತ ನಿಂತಿದ್ದ. ಕರಿ ಗುಂಡಿಗೆ ತೆಂಗಿನಕಾಯಿ ತುಂಬಿದ ದೊಡ್ಡ ಚೀಲ ಜೋತಾಡುತ್ತಿತ್ತು.

“ನಿಮ್ಮ ಮನಿಗಿ ಕೊಟ್ಟು ಕಳಸಬೇಕಂತ ಈಗೇ ಹಾಕಿಟ್ಟೆ ಭಾವಾ,” ಎಂದ. “ಕೊಕ್ಕಿ ಮಾತ್ರ ಭಾಳ ಚಲೋ ಮಾಡಸೀರಿ!”